ಗಣಿತ ಪ್ರಶ್ನೋತ್ತರ: ಚರಾಕ್ಷರವನ್ನು ವರ್ಜಿಸಿದ ಮೇಲೆ ಉಳಿಯುವುದೇನು?

ಈ ಸಲ ಬಂದ ಪತ್ರಗಳಲ್ಲಿ ಐದು ಪತ್ರಗಳು, ಬೇರೆ ಬೇರೆ ಊರುಗಳಿಂದ ಬಂದಿದ್ದರೂ, ಒಂದೇ ವಿಷಯವನ್ನು ಕುರಿತಿವೆ: ಬಹುಪದೋಕ್ತಿ ಸಮೀಕರಣಗಳ ಗುಂಪಿನಿಂದ ಒಂದು ಚರಾಕ್ಷರವನ್ನು ವರ್ಜಿಸುವುದು ಹೇಗೆ, ಮತ್ತು ವರ್ಜಿಸಿದ ಮೇಲೆ ಕೈಯಲ್ಲಿ ಉಳಿಯುವ ಸಮೀಕರಣವನ್ನು ಎಷ್ಟರ ಮಟ್ಟಿಗೆ ನಂಬಬಹುದು. ಆದ್ದರಿಂದ ಈ ತಿಂಗಳ ಅಂಕಣವನ್ನು ಪೂರ್ತಿಯಾಗಿ ಇದಕ್ಕೇ ಮೀಸಲಿಟ್ಟಿದ್ದೇನೆ. ಚರಾಕ್ಷರಗಳಿಗೆ ಇಂಗ್ಲಿಷ್ ಅಕ್ಷರಗಳ ಬದಲು ‘ಯ’ ಮತ್ತು ‘ಕ’ ಎಂಬ ಅಕ್ಷರಗಳನ್ನು ಬಳಸಿದ್ದೇನೆ. ಕಾರಣ ನಾಲ್ಕನೆಯ ಉತ್ತರದಲ್ಲಿ ಸಿಗುತ್ತದೆ.

ಪ್ರಶ್ನೆ: ಹತ್ತನೆಯ ತರಗತಿಯಲ್ಲಿ ರೇಖಾತ್ಮಕ ಸಮೀಕರಣಗಳ ಜೋಡಿಗೆ ಆದೇಶ ವಿಧಾನ, ವರ್ಜಿಸುವ ವಿಧಾನಗಳನ್ನು ಕಲಿತೆವು. ಸಮೀಕರಣಗಳಲ್ಲಿ ವರ್ಗಗಳೂ ಗುಣಲಬ್ಧದ ಪದಗಳೂ ಬೆರೆತಿದ್ದರೆ ಅನುಸರಿಸಲು ನಿಶ್ಚಿತ ವಿಧಾನವೊಂದು ಇದೆಯೇ, ಅಥವಾ ಪ್ರತಿ ಲೆಕ್ಕಕ್ಕೂ ಹೊಸ ಯುಕ್ತಿಯನ್ನು ಹುಡುಕಬೇಕೇ?
– ಬಿ.ಎಸ್ಸಿ. ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ನಿಶ್ಚಿತ ವಿಧಾನ ಇದೆ, ಅದು ನಿಮ್ಮ ಕೈಗೆಟುಕುವಂಥದ್ದೇ. ಆದರೆ ಅದಕ್ಕೆ ಕೈ ಹಾಕುವ ಮೊದಲು ಪ್ರಶ್ನೆಯನ್ನೇ ಸ್ವಲ್ಪ ತಿರುಗಿಸಿ ಕೇಳಿಕೊಳ್ಳಬೇಕು. ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ.

ಕ² + ಯಕ + ಯ² − 7 = 0
ಕ² + ಕ + ಯ − 7 = 0

ಇಲ್ಲಿ ‘ಯ’ ಒಂದು ಗೊತ್ತಿರುವ ಸಂಖ್ಯೆ ಎಂದು ಸದ್ಯಕ್ಕೆ ಭಾವಿಸಿ. ಆಗ ಎರಡೂ ‘ಕ’ದಲ್ಲಿ ಬರೆದ ಸಾಮಾನ್ಯ ವರ್ಗ ಸಮೀಕರಣಗಳಾಗುತ್ತವೆ, ಒಂದೊಂದಕ್ಕೂ ಎರಡೆರಡು ಮೂಲಗಳಿರುತ್ತವೆ. ‘ಯ’ಕ್ಕೆ ಮನಸ್ಸಿಗೆ ಬಂದ ಬೆಲೆ ಕೊಟ್ಟರೆ ಮೊದಲನೆಯದರ ಮೂಲಗಳು ಎರಡನೆಯದರ ಮೂಲಗಳೊಂದಿಗೆ ಸೇರುವುದಿಲ್ಲ, ಕೆಲವೇ ಕೆಲವು ಬೆಲೆಗಳಿಗೆ ಮಾತ್ರ ಎರಡಕ್ಕೂ ಒಂದು ಸಾಮಾನ್ಯ ಮೂಲ ದೊರೆಯುತ್ತದೆ. ‘ಕ’ವನ್ನು ವರ್ಜಿಸುವುದೆಂದರೆ ಆ ವಿಶೇಷ ಬೆಲೆಗಳನ್ನು ಹಿಡಿಯುವ ನಿಬಂಧನೆಯನ್ನು ಬರೆಯುವುದು. ನನ್ನ ಅನುಭವದಲ್ಲಿ ವಿದ್ಯಾರ್ಥಿಗಳು ಎಡವುವುದು ಇಲ್ಲಿಯೇ: ವರ್ಜನವೆಂದರೆ ಒಂದು ಅಕ್ಷರವನ್ನು ಅಳಿಸಿಹಾಕುವ ಕೆಲಸ ಎಂದು ಅವರು ತಿಳಿದಿರುತ್ತಾರೆ, ಅಳಿಸಿದ ಅಕ್ಷರ ಉಳಿದವುಗಳ ಮೇಲೆ ಹೇರಿದ್ದ ಕಟ್ಟುಪಾಡನ್ನು ಉಳಿಸಿಕೊಳ್ಳುವ ಕೆಲಸ ಅದು ಎಂಬುದು ಅವರ ಗಮನಕ್ಕೆ ಬರುವುದಿಲ್ಲ.

ಈಗ ಲೆಕ್ಕ. ಮೊದಲನೆಯದರಿಂದ ಎರಡನೆಯದನ್ನು ಕಳೆದರೆ ಕ² ಹೋಗುತ್ತದೆ, (ಯ − 1)ಕ + ಯ² − ಯ = 0 ಉಳಿಯುತ್ತದೆ. ಇದನ್ನು ಅಪವರ್ತಿಸಿದರೆ (ಯ − 1)(ಕ + ಯ) = 0. ಇಲ್ಲಿ ಬಹಳ ಜನ ಎರಡೂ ಕಡೆಯನ್ನು (ಯ − 1)ರಿಂದ ಭಾಗಿಸಿ, ಕ = −ಯ ಎಂದು ಬರೆದು ಮುಂದಕ್ಕೆ ಹೋಗಿಬಿಡುತ್ತಾರೆ. ಹಾಗೆ ಮಾಡಿದರೆ ಅರ್ಧದಷ್ಟು ಉತ್ತರಗಳು ಕೈತಪ್ಪುತ್ತವೆ. ಯ = 1 ಆದಾಗ ಎರಡೂ ಸಮೀಕರಣಗಳು ಕ² + ಕ − 6 = 0 ಎಂಬ ಒಂದೇ ಸಮೀಕರಣವಾಗುತ್ತವೆ, ಅದರಿಂದ ಕ = 2 ಮತ್ತು ಕ = −3 ದೊರೆಯುತ್ತವೆ. ಕ = −ಯ ಆದಾಗ ಎರಡೂ ಯ² = 7 ಎಂದಾಗುತ್ತವೆ. ಹೀಗೆ ಒಟ್ಟು ನಾಲ್ಕು ಪರಿಹಾರಗಳು: (1, 2), (1, −3), (√7, −√7), (−√7, √7).

ಕಳೆದು ಘಾತವನ್ನು ಇಳಿಸುವ ಈ ಹೆಜ್ಜೆ ನಿಮಗೆ ಪರಿಚಿತವೇ ಆಗಿದೆ. ಎರಡು ಸಂಖ್ಯೆಗಳ ಮ.ಸಾ.ಅ. ಕಂಡುಹಿಡಿಯಲು ದೊಡ್ಡದನ್ನು ಚಿಕ್ಕದರಿಂದ ಭಾಗಿಸಿ, ಶೇಷದಿಂದ ಮತ್ತೆ ಭಾಗಿಸುತ್ತಾ ಹೋಗುವ ಯೂಕ್ಲಿಡನ ಕ್ರಮವೇ ಇದು. ಸಂಖ್ಯೆಗಳ ಜಾಗದಲ್ಲಿ ಬಹುಪದೋಕ್ತಿಗಳಿವೆ, ಅಷ್ಟೇ. ಕೊನೆಗೆ ‘ಕ’ವೇ ಇಲ್ಲದ ಶೇಷವೊಂದು ಬರುತ್ತದೆ, ಅದು ಸೊನ್ನೆಯಾದರೆ ಸಾಮಾನ್ಯ ಮೂಲ ಉಂಟು. ದಾರಿಯಲ್ಲಿ ‘ಯ’ ಇರುವ ಉಕ್ತಿಗಳಿಂದ ಭಾಗಿಸಬೇಕಾಗಿ ಬರುವುದರಿಂದ, ಅವು ಸೊನ್ನೆಯಾಗುವ ಸಂದರ್ಭವನ್ನು ಪ್ರತಿ ಹೆಜ್ಜೆಯಲ್ಲೂ ಬೇರೆಯಾಗಿ ನೋಡಬೇಕೆಂಬುದೇ ಅದರ ಕಷ್ಟ.

ಈ ಕಷ್ಟವನ್ನು ತಪ್ಪಿಸುವ ಮಾರ್ಗವನ್ನು ಇಂಗ್ಲೆಂಡಿನ ಜೇಮ್ಸ್ ಜೋಸೆಫ್ ಸಿಲ್ವೆಸ್ಟರ್ 1840ರಲ್ಲಿ ಕೊಟ್ಟರು. ನಮ್ಮ ಎರಡು ಸಮೀಕರಣಗಳನ್ನು ಇದ್ದಂತೆಯೇ ಇಟ್ಟುಕೊಂಡು, ಒಂದೊಂದನ್ನೂ ‘ಕ’ದಿಂದ ಗುಣಿಸಿ ಇನ್ನೆರಡನ್ನು ಪಡೆಯಿರಿ. ಈಗ ನಾಲ್ಕು ಸಮೀಕರಣಗಳಿವೆ, ಅವುಗಳಲ್ಲಿ ಕ³, ಕ², ಕ, 1 ಎಂಬ ನಾಲ್ಕು ವಸ್ತುಗಳಿವೆ. ಇವು ಒಂದೇ ಅಕ್ಷರದ ಘಾತಗಳೆಂಬುದನ್ನು ಮರೆತು, ನಾಲ್ಕು ಸ್ವತಂತ್ರ ಅವ್ಯಕ್ತಗಳೆಂದು ಎಣಿಸಿದರೆ ನಮ್ಮ ಮುಂದಿರುವುದು ಬಲಬದಿಯಲ್ಲಿ ಸೊನ್ನೆಯಿರುವ ರೇಖಾತ್ಮಕ ಸಮೀಕರಣಗಳು. ನಾಲ್ಕನೆಯ ವಸ್ತು 1 ಆಗಿರುವುದರಿಂದ ಎಲ್ಲವೂ ಸೊನ್ನೆ ಎಂಬ ಪರಿಹಾರ ಸಾಧ್ಯವಿಲ್ಲ. ಆದ್ದರಿಂದ ಸಹಗುಣಕಗಳ ನಿರ್ಧಾರಕ (ಡಿಟರ್ಮಿನೆಂಟ್, ಅಂದರೆ ಚೌಕವಾಗಿ ಸಾಲುಗಳಲ್ಲಿ ಜೋಡಿಸಿದ ಸಹಗುಣಕಗಳಿಂದ ಲೆಕ್ಕಹಾಕುವ ಒಂದು ಬೆಲೆ) ಸೊನ್ನೆಯಾಗಲೇಬೇಕು. ಆ ನಿರ್ಧಾರಕದ ಸಾಲುಗಳು ಹೀಗಿವೆ:

1, ಯ, ಯ² − 7, 0
0, 1, ಯ, ಯ² − 7
1, 1, ಯ − 7, 0
0, 1, 1, ಯ − 7

ಇದನ್ನು ದಯವಿಟ್ಟು ಪೆನ್ಸಿಲ್ ಹಿಡಿದು ನೀವೇ ವಿಸ್ತರಿಸಿ. (ಯ − 1)²(ಯ² − 7) ಬರುತ್ತದೆ. ಇಂಥ ನಿರ್ಧಾರಕವನ್ನು ಎರಡು ಬಹುಪದೋಕ್ತಿಗಳ ರಿಸಲ್ಟೆಂಟ್ ಎನ್ನುತ್ತಾರೆ. ಘಾತಗಳು ಎಷ್ಟೇ ಇರಲಿ, ಗುಣಿಸಿ ಸಾಲುಗಳನ್ನು ಹೆಚ್ಚಿಸುವ ಕ್ರಮ ಇದೇ. ಯುಕ್ತಿ ಹುಡುಕುವ ಅಗತ್ಯವಿಲ್ಲ.

(ಯ − 1) ಎರಡು ಸಲ ಏಕೆ ಬಂತು ಎಂಬುದನ್ನು ಗಮನಿಸಿ. ನಾಲ್ಕು ಪರಿಹಾರಗಳನ್ನು ಗ್ರಾಫ್ ಹಾಳೆಯ ಮೇಲೆ ಬಿಂದುಗಳಾಗಿ ಗುರುತಿಸಿ, ನೆತ್ತಿಯ ಮೇಲಿನ ಸೂರ್ಯನ ಬೆಳಕಿನಲ್ಲಿ ಅವುಗಳ ನೆರಳು ಅಡ್ಡ ಅಕ್ಷದ ಮೇಲೆ ಬೀಳುತ್ತದೆಂದು ಕಲ್ಪಿಸಿಕೊಳ್ಳಿ. (1, 2) ಮತ್ತು (1, −3) ಒಂದರ ಕೆಳಗೆ ಒಂದಿರುವುದರಿಂದ ಅವುಗಳ ನೆರಳು ಒಂದೇ ಕಡೆ ಬೀಳುತ್ತದೆ. ರಿಸಲ್ಟೆಂಟ್ ನೆರಳನ್ನು ಮಾತ್ರ ನೋಡುತ್ತದೆ, ಆದರೆ ಆ ನೆರಳಿನಲ್ಲಿ ಎರಡು ಬಿಂದುಗಳಿವೆಯೆಂಬ ಲೆಕ್ಕವನ್ನು ವರ್ಗದ ರೂಪದಲ್ಲಿ ಇಟ್ಟುಕೊಂಡಿದೆ. ಎರಡು ವರ್ಗ ಸಮೀಕರಣಗಳಿಂದ ನಾಲ್ಕನೆಯ ಘಾತದ ಸಮೀಕರಣ ಬಂದದ್ದು ಆಕಸ್ಮಿಕವಲ್ಲ: ವರ್ಜನದ ಕೊನೆಯಲ್ಲಿ ಬರುವ ಸಮೀಕರಣದ ಘಾತ ಸಾಮಾನ್ಯವಾಗಿ ಮೂಲ ಸಮೀಕರಣಗಳ ಘಾತಗಳ ಗುಣಲಬ್ಧವಾಗಿರುತ್ತದೆ ಎಂಬುದನ್ನು ಫ್ರಾನ್ಸಿನ ಎಟಿಯೆನ್ ಬೆಜೂ 1779ರ ತಮ್ಮ ಗ್ರಂಥದಲ್ಲಿ ಪ್ರತಿಪಾದಿಸಿದ್ದರು.

ಪ್ರಶ್ನೆ: ವರ್ಜಿಸಿ ಪಡೆದ ಬೆಲೆಯನ್ನು ಮೂಲ ಸಮೀಕರಣಗಳಲ್ಲಿ ಇಟ್ಟಾಗ ಕೆಲವೊಮ್ಮೆ ತಾಳೆಯಾಗುವುದಿಲ್ಲ. ಲೆಕ್ಕವನ್ನು ಮೂರು ಸಲ ಪರೀಕ್ಷಿಸಿದರೂ ತಪ್ಪು ಸಿಗುವುದಿಲ್ಲ. ಹೀಗೇಕೆ?
– ಪಿಯುಸಿ ವಿದ್ಯಾರ್ಥಿ, ಹಾಸನ

ಉತ್ತರ: ನಿಮ್ಮ ಲೆಕ್ಕ ಸರಿಯಿರಬಹುದು. ಸಾಮಾನ್ಯವಾಗಿ ಎರಡು ಕಾರಣಗಳಿರುತ್ತವೆ, ಮೊದಲನೆಯದು ಸುಲಭದ್ದು. ಕ² = ಯ ಮತ್ತು ಯ² + ಕ² = 2 ಎಂಬ ಪರವಲಯ, ವೃತ್ತಗಳಿಂದ ‘ಕ’ವನ್ನು ವರ್ಜಿಸಿದರೆ ಯ² + ಯ − 2 = 0, ಅಂದರೆ ಯ = 1 ಅಥವಾ −2. ಯ = −2 ಆದಾಗ ಕ² = −2 ಆಗಬೇಕು. ಚಿತ್ರದಲ್ಲಿ ಅಂಥ ಬಿಂದುವೇ ಇಲ್ಲ, ಆದರೆ ಸಂಕೀರ್ಣ ಸಂಖ್ಯೆಗಳಲ್ಲಿ ಇದೆ. ವರ್ಜನ ಮಾಡುವಾಗ ನಾವು ಬಳಸುವುದು ಕೂಡುವುದು, ಕಳೆಯುವುದು, ಗುಣಿಸುವುದು ಮಾತ್ರ. ಆ ಕ್ರಿಯೆಗಳಿಗೆ ವಾಸ್ತವ ಸಂಖ್ಯೆ, ಸಂಕೀರ್ಣ ಸಂಖ್ಯೆ ಎಂಬ ಭೇದ ತಿಳಿಯದು.

ಎರಡನೆಯ ಕಾರಣ ಹೆಚ್ಚು ಸೂಕ್ಷ್ಮವಾದದ್ದು. ಯಕ = 1 ಮತ್ತು ಯಕ = 1 − ಯ ಎಂಬ ಜೋಡಿಯನ್ನು ನೋಡಿ. ಒಂದರಿಂದ ಇನ್ನೊಂದನ್ನು ಕಳೆದರೆ ಯ = 0 ಎಂಬ ಉತ್ತರ ಬರುತ್ತದೆ. ಅದನ್ನು ಮೊದಲ ಸಮೀಕರಣದಲ್ಲಿಟ್ಟರೆ 0 = 1. ಸಂಕೀರ್ಣ ಸಂಖ್ಯೆಗಳಿಗೆ ಮೊರೆಹೋದರೂ ಇಲ್ಲಿ ಪರಿಹಾರವಿಲ್ಲ. ಆಗಿರುವುದಿಷ್ಟು: ‘ಕ’ದ ಅತಿ ದೊಡ್ಡ ಘಾತದ ಸಹಗುಣಕ ಎರಡೂ ಸಮೀಕರಣಗಳಲ್ಲಿ ‘ಯ’ವೇ ಆಗಿದೆ, ಯ = 0 ಆದ ಕೂಡಲೇ ಎರಡೂ ಏಕಕಾಲದಲ್ಲಿ ಮಾಯವಾಗುತ್ತವೆ. ‘ಯ’ ಸೊನ್ನೆಯ ಸಮೀಪಕ್ಕೆ ಬಂದಂತೆ ಎರಡು ವಕ್ರರೇಖೆಗಳೂ ಮೇಲಕ್ಕೆ ಏರುತ್ತಲೇ ಹೋಗುತ್ತವೆ, ಅವುಗಳ ಭೇಟಿ ಅನಂತಕ್ಕೆ ಸರಿದುಹೋಗಿದೆ. ನೆರಳು ಬಿದ್ದಿದೆ, ನೆರಳಿನ ಒಡೆಯ ಮಾತ್ರ ಹಾಳೆಯಲ್ಲಿಲ್ಲ.

ನೀವು ನೆನಪಿಡಬೇಕಾದ ನಿಯಮವಿದು: ರಿಸಲ್ಟೆಂಟ್‌ನ ಮೂಲವೊಂದನ್ನು ‘ಯ’ಕ್ಕೆ ಕೊಟ್ಟಾಗ, ಎರಡು ಬಹುಪದೋಕ್ತಿಗಳ ಅಗ್ರ ಸಹಗುಣಕಗಳಲ್ಲಿ ಒಂದಾದರೂ ಸೊನ್ನೆಯಾಗದೆ ಉಳಿದರೆ ಸಂಕೀರ್ಣ ಸಂಖ್ಯೆಗಳಲ್ಲಿ ಸಾಮಾನ್ಯ ಮೂಲ ಖಂಡಿತ ಇರುತ್ತದೆ, ಎರಡೂ ಸೊನ್ನೆಯಾದರೆ ಏನನ್ನೂ ಊಹಿಸದೆ ಮೂಲ ಸಮೀಕರಣಗಳಿಗೇ ಮರಳಿ ಪರೀಕ್ಷಿಸಬೇಕು. ಇದೇ ಕೊರತೆ ಬೇರೊಂದು ವೇಷದಲ್ಲಿಯೂ ಬರುತ್ತದೆ. ಯ = (1 − ತ²)/(1 + ತ²), ಕ = 2ತ/(1 + ತ²) ಎಂಬುವುಗಳಿಂದ ‘ತ’ವನ್ನು ವರ್ಜಿಸಿದರೆ ಯ² + ಕ² = 1 ಎಂಬ ಪೂರ್ಣ ವೃತ್ತ ಸಿಗುತ್ತದೆ, ಆದರೆ (−1, 0) ಎಂಬ ಬಿಂದುವನ್ನು ‘ತ’ದ ಯಾವ ಬೆಲೆಯೂ ಮುಟ್ಟುವುದಿಲ್ಲ.

ಪ್ರಶ್ನೆ: ಮಗಳಿಗೆ ಹತ್ತನೆಯ ತರಗತಿಯ ಗಣಿತ ಹೇಳಿಕೊಡುತ್ತಿದ್ದೇನೆ. ವರ್ಗ ಸಮೀಕರಣದ ಶೋಧಕ ಸೊನ್ನೆಯಾದರೆ ಮೂಲಗಳು ಸಮ ಎಂದು ಪುಸ್ತಕದಲ್ಲಿದೆ. ಇದಕ್ಕೂ ವರ್ಜಿಸುವ ವಿಧಾನಕ್ಕೂ ಸಂಬಂಧವಿದೆ ಎಂದು ಯಾರೋ ಹೇಳಿದರು, ನಿಜವೇ?
– ಓದುಗರೊಬ್ಬರು, ಶಿರಸಿ

ಉತ್ತರ: ನಿಜ, ಮತ್ತು ಅದನ್ನು ಮಗಳಿಗೆ ಎರಡೇ ಸಾಲಿನಲ್ಲಿ ತೋರಿಸಬಹುದು. ಅಯ² + ಬಯ + ಚ ಎಂಬುದಕ್ಕೆ ಎರಡೂ ಮೂಲಗಳು ‘ಮ’ ಆಗಿದ್ದರೆ ಅದು ಅ(ಯ − ಮ)² ಆಗಿರಲೇಬೇಕು. ವಿಸ್ತರಿಸಿ ಹೋಲಿಸಿದರೆ ಬ = −2ಅಮ, ಚ = ಅಮ². ಈಗ ‘ಮ’ವನ್ನು ವರ್ಜಿಸಿ: ಬ² = 4ಅ²ಮ² = 4ಅಚ, ಅಂದರೆ ಶೋಧಕವಾದ ಬ² − 4ಅಚ ಸೊನ್ನೆ. ಮೂಲ ಯಾವುದೆಂದು ತಿಳಿಯದೆಯೇ ಮೂಲಗಳು ಸಮವಾಗಿವೆಯೇ ಎಂಬುದನ್ನು ಸಹಗುಣಕಗಳಿಂದಲೇ ಹೇಳುವ ಶಕ್ತಿ ಹೀಗೆ ಬರುತ್ತದೆ. ಅವಳಿಗೆ ಆಸಕ್ತಿ ಮೂಡಿದರೆ ಯ³ + ಪಯ + ನ ಎಂಬ ಘನವನ್ನು ಕೊಡಿ. ಎರಡು ಮೂಲಗಳು ‘ಮ’ ಆದರೆ ಮೂರನೆಯದು −2ಮ ಆಗಬೇಕು, ಆಗ ಪ = −3ಮ², ನ = 2ಮ³; ‘ಮ’ವನ್ನು ವರ್ಜಿಸಿದರೆ 4ಪ³ + 27ನ² = 0. ಬಾಯಿಪಾಠ ಮಾಡಿದ ಸೂತ್ರಕ್ಕಿಂತ ಹೀಗೆ ತಾನೇ ಕಂಡುಕೊಂಡ ಸೂತ್ರ ಅವಳ ಬಳಿ ಹೆಚ್ಚು ದಿನ ಉಳಿಯುತ್ತದೆ.

ಪ್ರಶ್ನೆ: ಹಲವು ಅವ್ಯಕ್ತಗಳಿಂದ ಒಂದನ್ನು ವರ್ಜಿಸುವ ಕ್ರಮ ನಮ್ಮ ಪ್ರಾಚೀನ ಗಣಿತಜ್ಞರಿಗೆ ಗೊತ್ತಿತ್ತೇ? ‘ಮಧ್ಯಮಾಹರಣ’ ಎಂಬ ಮಾತು ಇದನ್ನೇ ಸೂಚಿಸುತ್ತದೆಯೇ?
– ನಿವೃತ್ತ ಶಿಕ್ಷಕರು, ಧಾರವಾಡ

ಉತ್ತರ: ಮಧ್ಯಮಾಹರಣ ಬೇರೆ ವಿಷಯ. ವರ್ಗ ಸಮೀಕರಣದಲ್ಲಿ ವರ್ಗವನ್ನು ಪೂರ್ಣಗೊಳಿಸಿ ಮಧ್ಯದ ಪದವನ್ನು ತೆಗೆಯುವುದಕ್ಕೆ ಆ ಹೆಸರು. ಅಲ್ಲಿ ಹೋಗುವುದು ಒಂದು ಪದ, ಅವ್ಯಕ್ತವಲ್ಲ. ಅವ್ಯಕ್ತವನ್ನೇ ವರ್ಜಿಸುವ ಕ್ರಮಕ್ಕೆ 628ರಲ್ಲಿ ರಚಿತವಾದ ಬ್ರಹ್ಮಗುಪ್ತನ ಬ್ರಾಹ್ಮಸ್ಫುಟಸಿದ್ಧಾಂತದಲ್ಲಿ ನಿಯಮವಿದೆ. ಅವ್ಯಕ್ತಗಳಿಗೆ ವರ್ಣ, ಅಂದರೆ ಬಣ್ಣ, ಎಂದು ಹೆಸರು. ಒಂದು ವರ್ಣವನ್ನು ಉಳಿದವುಗಳಿಂದ ಬೇರ್ಪಡಿಸಿ, ಬೇರೆ ಬೇರೆ ಸಮೀಕರಣಗಳಿಂದ ಬಂದ ಅದರ ಬೆಲೆಗಳನ್ನು ಸಮವೆಂದು ಇಟ್ಟರೆ ಆ ವರ್ಣ ಹೋಗುತ್ತದೆ. 1114ರಲ್ಲಿ ಜನಿಸಿದ ಭಾಸ್ಕರಾಚಾರ್ಯರ ಬೀಜಗಣಿತದಲ್ಲಿ ಮೊದಲ ಅವ್ಯಕ್ತ ಯಾವತ್ತಾವತ್, ಬಳಿಕ ಕಾಲಕ, ನೀಲಕ, ಪೀತಕ, ಲೋಹಿತಕ ಎಂದು ಕಪ್ಪು, ನೀಲಿ, ಹಳದಿ, ಕೆಂಪು ಬಣ್ಣಗಳು ಬರುತ್ತವೆ. ಬರೆಯುವಾಗ ಮೊದಲ ಅಕ್ಷರ ಸಾಕು: ಯಾ, ಕಾ, ನೀ. ಈ ಅಂಕಣದ ‘ಯ’, ‘ಕ’ಗಳು ಅಲ್ಲಿಂದ ಬಂದವು.

ನಮ್ಮ ನೆಲಕ್ಕೆ ಇನ್ನೂ ಹತ್ತಿರದ ಸಾಕ್ಷಿ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರದು. ಸುಮಾರು 850ರ ಅವರ ಗಣಿತಸಾರಸಂಗ್ರಹದಲ್ಲಿ ಒಂದು ಲೆಕ್ಕವಿದೆ: 9 ಮಾದಳದ ಹಣ್ಣು ಮತ್ತು 7 ಬೇಲದ ಹಣ್ಣುಗಳ ಬೆಲೆ 107, 7 ಮಾದಳ ಮತ್ತು 9 ಬೇಲಗಳ ಬೆಲೆ 101, ಒಂದೊಂದರ ಬೆಲೆ ಎಷ್ಟು? ಅವರ ಕ್ರಮದಲ್ಲಿ ದೊಡ್ಡ ಮೊತ್ತವನ್ನು ದೊಡ್ಡ ಎಣಿಕೆಯಿಂದ ಗುಣಿಸಿ (963), ಅದರಿಂದ ಚಿಕ್ಕ ಮೊತ್ತ ಮತ್ತು ಚಿಕ್ಕ ಎಣಿಕೆಯ ಗುಣಲಬ್ಧವನ್ನು (707) ಕಳೆದು, ಉಳಿದ 256ನ್ನು ಎಣಿಕೆಗಳ ವರ್ಗಗಳ ವ್ಯತ್ಯಾಸವಾದ 32ರಿಂದ ಭಾಗಿಸಬೇಕು. ಮಾದಳಕ್ಕೆ 8, ಬೇಲಕ್ಕೆ 5. ಬೇಲದ ಬೆಲೆಯನ್ನು ವರ್ಜಿಸುವ ಕೆಲಸ ಆ ಒಂದು ವ್ಯವಕಲನದಲ್ಲಿ ಮುಗಿದಿದೆ.

ಆದರೆ ಇದು ರೇಖಾತ್ಮಕ ಸಮೀಕರಣ ಎಂಬುದನ್ನು ಪ್ರಾಮಾಣಿಕವಾಗಿ ಹೇಳಬೇಕು. ಮೇಲಿನ ಘಾತಗಳಿರುವ, ನಾಲ್ಕರವರೆಗೆ ಅವ್ಯಕ್ತಗಳಿರುವ ಸಮೀಕರಣಗಳನ್ನು ಒಂದೇ ಅವ್ಯಕ್ತಕ್ಕೆ ಇಳಿಸುವ ಕ್ರಮಬದ್ಧ ಕೆಲಸ ಚೀನಾದ ಝು ಶಿಜಿಯೆ ಅವರ 1303ರ ಗ್ರಂಥದಲ್ಲಿದೆ. ಅವರು ಅವ್ಯಕ್ತಗಳನ್ನು ಆಕಾಶ, ಭೂಮಿ, ಮನುಷ್ಯ, ವಸ್ತು ಎಂದು ಕರೆದರು, ಹದಿನಾಲ್ಕನೆಯ ಘಾತದವರೆಗಿನ ಸಮೀಕರಣಗಳನ್ನು ಎದುರಿಸಿದರು. ಜಪಾನಿನ ಸೆಕಿ ತಕಾಕಾಜು 1683ರಲ್ಲಿ, ಸಿಲ್ವೆಸ್ಟರ್‌ಗಿಂತ ಒಂದೂವರೆ ಶತಮಾನ ಮೊದಲೇ, ಇಂಥ ವರ್ಜನಕ್ಕಾಗಿಯೇ ನಿರ್ಧಾರಕಗಳನ್ನು ಬಳಸಿದ್ದರು. ಕಡ್ಡಿಗಳನ್ನು ಜೋಡಿಸಿ ಲೆಕ್ಕ ಮಾಡುತ್ತಿದ್ದ ಆ ಪರಂಪರೆಯಲ್ಲಿ ಸಹಗುಣಕಗಳ ಸ್ಥಾನವೇ ಎಲ್ಲವನ್ನೂ ಹೇಳುತ್ತಿತ್ತು. ನಿರ್ಧಾರಕದ ಕಲ್ಪನೆ ಅಲ್ಲಿ ಬೇಗ ಮೊಳೆತದ್ದು ನನಗೆ ಸಹಜವೆನಿಸುತ್ತದೆ.

ಪ್ರಶ್ನೆ: ರೋಬಾಟ್ ತೋಳಿನ ಚಲನೆಯ ಲೆಕ್ಕದಲ್ಲಿ ಹಲವು ಚರಾಕ್ಷರಗಳ ಬಹುಪದೋಕ್ತಿ ಸಮೀಕರಣಗಳು ಬರುತ್ತವೆ. ಎರಡೆರಡನ್ನು ಜೋಡಿಸಿ ರಿಸಲ್ಟೆಂಟ್ ತೆಗೆಯುತ್ತಾ ಹೋದರೆ ಘಾತ ವಿಪರೀತ ಬೆಳೆಯುತ್ತದೆ. ಬೇರೆ ದಾರಿ ಇದೆಯೇ?
– ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು

ಉತ್ತರ: ಎರಡೆರಡನ್ನು ಜೋಡಿಸುವಾಗ, ಎಲ್ಲ ಸಮೀಕರಣಗಳಿಗೂ ಒಪ್ಪದ, ಆ ಜೋಡಿಗೆ ಮಾತ್ರ ಸೇರಿದ ಸಂಗತಿಗಳೂ ಅಪವರ್ತನಗಳಾಗಿ ಒಳಗೆ ಸೇರುತ್ತವೆ. ಮುಂದಿನ ಹಂತದಲ್ಲಿ ಅವೂ ಗುಣಿತಗೊಳ್ಳುತ್ತವೆ. ಎಲ್ಲವನ್ನೂ ಒಟ್ಟಿಗೆ ಹಿಡಿಯುವ ರಿಸಲ್ಟೆಂಟನ್ನು 1902ರಲ್ಲಿ ಕಟ್ಟಿಕೊಟ್ಟವರು ಫ್ರಾನ್ಸಿಸ್ ಸವರ್ಬಿ ಮೆಕಾಲೆ; ಅವರು ಲಂಡನ್ನಿನ ಸೇಂಟ್ ಪಾಲ್ಸ್ ಶಾಲೆಯಲ್ಲಿ ಮಕ್ಕಳಿಗೆ ಗಣಿತ ಕಲಿಸುತ್ತಿದ್ದ ಮೇಷ್ಟ್ರು ಎಂಬುದನ್ನು ಧಾರವಾಡದ ಶಿಕ್ಷಕರ ಸಂತೋಷಕ್ಕಾಗಿ ಇಲ್ಲಿ ಹೇಳುತ್ತಿದ್ದೇನೆ.

ಇಂದು ಹೆಚ್ಚಾಗಿ ಬಳಕೆಯಲ್ಲಿರುವುದು ಆಸ್ಟ್ರಿಯಾದ ಬ್ರೂನೋ ಬುಖ್‌ಬರ್ಗರ್ 1965ರಲ್ಲಿ ಇನ್ಸ್‌ಬ್ರುಕ್ ವಿಶ್ವವಿದ್ಯಾಲಯದ ತಮ್ಮ ಪಿಎಚ್.ಡಿ. ಪ್ರಬಂಧದಲ್ಲಿ ಕೊಟ್ಟ ವಿಧಾನ. ತಮ್ಮ ಮಾರ್ಗದರ್ಶಕ ವೋಲ್ಫ್‌ಗಾಂಗ್ ಗ್ರೋಬ್ನರ್ ಅವರ ಹೆಸರನ್ನು ಅದಕ್ಕೆ ಇಟ್ಟರು: ಗ್ರೋಬ್ನರ್ ಬೇಸಿಸ್. ಮೊದಲು ಪದಗಳಿಗೆ ನಿಘಂಟಿನಲ್ಲಿರುವಂಥ ಒಂದು ಕ್ರಮವನ್ನು ಗೊತ್ತುಮಾಡಬೇಕು. ವರ್ಜಿಸಬೇಕಾದ ಚರಾಕ್ಷರ ಎಲ್ಲಕ್ಕಿಂತ ಮೇಲಿರಬೇಕು. ಬಳಿಕ ಎರಡು ಬಹುಪದೋಕ್ತಿಗಳನ್ನು ತಕ್ಕ ಪದಗಳಿಂದ ಗುಣಿಸಿ ಕಳೆದು, ಅಗ್ರಪದಗಳು ಹೊಡೆದುಹೋಗುವಂತೆ ಮಾಡಬೇಕು. ಬಂದದ್ದನ್ನು ಇರುವ ಬಹುಪದೋಕ್ತಿಗಳಿಂದ ಭಾಗಿಸಬೇಕು. ಶೇಷ ಉಳಿದರೆ ಅದನ್ನೂ ಪಟ್ಟಿಗೆ ಸೇರಿಸಿ ಮತ್ತೆ ಮುಂದುವರಿಯಬೇಕು. ಯಾವ ಜೋಡಿಯಿಂದಲೂ ಹೊಸ ಶೇಷ ಬಾರದಿದ್ದಾಗ ಕೆಲಸ ಮುಗಿಯುತ್ತದೆ, ಮುಗಿದೇ ಮುಗಿಯುತ್ತದೆ ಎಂಬುದಕ್ಕೆ ಸಾಧನೆ ಇದೆ. ಆಗ ಪಟ್ಟಿಯಲ್ಲಿ ಮೇಲಿನ ಚರಾಕ್ಷರವಿಲ್ಲದ ಬಹುಪದೋಕ್ತಿಗಳನ್ನು ಆರಿಸಿಕೊಂಡರೆ ಅವೇ ವರ್ಜನದ ಫಲ.

ಆದರೆ ಬೆಲೆ ತೆರಬೇಕಾಗುತ್ತದೆ. ಅತಿ ಕೆಟ್ಟ ಸಂದರ್ಭದಲ್ಲಿ ಘಾತಗಳು ಚರಾಕ್ಷರಗಳ ಸಂಖ್ಯೆಯೊಂದಿಗೆ ಘಾತದ ಮೇಲೆ ಘಾತವಾಗಿ ಬೆಳೆಯುತ್ತವೆ ಎಂಬುದನ್ನು ಮೈರ್ ಮತ್ತು ಮೇಯರ್ 1982ರಲ್ಲಿ ತೋರಿಸಿದರು. ನಿಘಂಟು ಕ್ರಮವೇ ಅತ್ಯಂತ ದುಬಾರಿ ಎಂಬುದು ಬಳಸುವವರೆಲ್ಲರ ಅನುಭವ. ಪರಿಹಾರಗಳ ಸಂಖ್ಯೆ ಪರಿಮಿತವಾಗಿದ್ದರೆ, ಮೊದಲು ಒಟ್ಟು ಘಾತವನ್ನು ಆಧರಿಸಿದ ಕ್ರಮದಲ್ಲಿ ಬೇಸಿಸ್ ಲೆಕ್ಕಹಾಕಿ, ಆಮೇಲೆ ಅದನ್ನು ರೇಖಾತ್ಮಕ ಬೀಜಗಣಿತದ ಮೂಲಕ ನಿಘಂಟು ಕ್ರಮಕ್ಕೆ ತಿರುಗಿಸಿಕೊಳ್ಳಿ. ಸೇಜ್, ಸಿಂಗ್ಯುಲರ್, ಮೆಕಾಲೆ2 ಎಂಬ ಉಚಿತ ತಂತ್ರಾಂಶಗಳಲ್ಲಿ ಇದಕ್ಕೆ ಬೇಕಾದ ಆದೇಶಗಳಿವೆ. ನಿಮ್ಮ ಕ್ಷೇತ್ರದಲ್ಲಿ ಸಂಖ್ಯೆಗಳು ಭಯಪಡುವಷ್ಟು ದೊಡ್ಡವಲ್ಲ: ಆರು ತಿರುಗುವ ಕೀಲುಗಳಿರುವ ತೋಳಿನ ತುದಿಯನ್ನು ಒಂದು ನಿರ್ದಿಷ್ಟ ಸ್ಥಾನ, ದಿಕ್ಕಿಗೆ ತರುವ ಭಂಗಿಗಳು, ಪರಿಮಿತವಾಗಿದ್ದಾಗ, 16ನ್ನು ಮೀರುವುದಿಲ್ಲ; ಒಂದರ ಪಕ್ಕದಲ್ಲಿ ಒಂದಿರುವ ಮೂರು ಕೀಲುಗಳ ಅಕ್ಷಗಳು ಒಂದೇ ಬಿಂದುವಿನಲ್ಲಿ ಸೇರುವಂತೆ ತೋಳನ್ನು ಕಟ್ಟಿದ್ದರೆ ನಾಲ್ಕನೆಯ ಘಾತದ ಸಮೀಕರಣವೇ ಸಾಕು.

ಕೈಯಿಂದ ಒಮ್ಮೆ ಮಾಡಿ ನೋಡದೆ ತಂತ್ರಾಂಶದ ಉತ್ತರವನ್ನು ಓದಲು ಬರುವುದಿಲ್ಲ, ಹಾಗಾಗಿ ದಾವಣಗೆರೆಯ ವಿದ್ಯಾರ್ಥಿನಿಗೆ ಕೊಟ್ಟ ಉದಾಹರಣೆಯನ್ನೇ ತೆಗೆದುಕೊಳ್ಳಿ. ‘ಕ’ ಮೇಲೆ, ‘ಯ’ ಕೆಳಗೆ ಎಂಬ ಕ್ರಮದಲ್ಲಿ ಬುಖ್‌ಬರ್ಗರ್ ವಿಧಾನ ಮೂರು ಬಹುಪದೋಕ್ತಿಗಳಲ್ಲಿ ನಿಲ್ಲುತ್ತದೆ: ಕ² + ಕ + ಯ − 7, (ಯ − 1)(ಕ + ಯ), ಮತ್ತು (ಯ − 1)(ಯ² − 7). ಮೂರನೆಯದರಲ್ಲಿ ‘ಕ’ ಇಲ್ಲ, ಆದರೆ ರಿಸಲ್ಟೆಂಟ್‌ನಲ್ಲಿ ಇದ್ದಂತೆ (ಯ − 1)ರ ವರ್ಗವೂ ಇಲ್ಲ. ಯ = 1ರ ನೆರಳಿನಲ್ಲಿ ಎರಡು ಬಿಂದುಗಳಿವೆ ಎಂಬ ಸಂಗತಿ ಈಗ ಬೇರೆಡೆ ಇದೆ. ಯ = 1 ಆದಾಗ ಎರಡನೆಯ ಬಹುಪದೋಕ್ತಿ ತಾನೇ ಸೊನ್ನೆಯಾಗಿ ‘ಕ’ದ ಮೇಲೆ ಯಾವ ಕಟ್ಟನ್ನೂ ಹಾಕುವುದಿಲ್ಲ, ಮೊದಲನೆಯದು ಕ² + ಕ − 6 ಆಗಿ ಎರಡು ಬೆಲೆಗಳನ್ನು ಕೊಡುತ್ತದೆ. ಯ² = 7 ಆದಾಗ ಎರಡನೆಯದು ಎಚ್ಚೆತ್ತು, ಕ = −ಯ ಎಂಬ ಒಂದೇ ಬೆಲೆಯನ್ನು ಗೊತ್ತುಮಾಡುತ್ತದೆ.